ಚಂದ್ರನ ನಕ್ಷೆ ಸಿದ್ಧವಾದ ಕಥೆ



ಚಂದ್ರನನ್ನು ನೋಡುವ ವಿಷಯದಲ್ಲಿ ನಮ್ಮ ಊರಿನವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ರಂಜಾನ್ ತಿಂಗಳ 29ನೆಯ ಸಂಜೆ ಬ್ರಹ್ಮಪುರದ ಯಾವ ಮಾಳಿಗೆಯನ್ನು ಹತ್ತಿದರೂ ಪಡುವಣಕ್ಕೆ ಮುಖ ಮಾಡಿ ನಿಂತ ಮಕ್ಕಳು, ಹಿರಿಯರು ಕಾಣಸಿಗುತ್ತಾರೆ. "ಅಗೋ, ಆ ಕಂಬದ ಮೇಲೆ" ಎಂದು ಒಬ್ಬರು ಬೆರಳು ತೋರಿಸಿದರೆ, ಅದು ಮೋಡದ ಅಂಚು ಎಂದು ಇನ್ನೊಬ್ಬರು ವಾದಿಸುತ್ತಾರೆ. ತಿಂಗಳ ಲೆಕ್ಕ, ಹಬ್ಬದ ಲೆಕ್ಕ ಎಲ್ಲವೂ ಆ ತೆಳುವಾದ ಗೆರೆಯ ಮೇಲೆಯೇ ನಿಂತಿದೆ.

ಆದರೆ ಹೀಗೆ ತಲೆತಲಾಂತರದಿಂದ ನೋಡುತ್ತ ಬಂದ ಚಂದ್ರನ ಬೆನ್ನನ್ನು ನಾವು ಎಂದಾದರೂ ಕಂಡಿದ್ದೇವೆಯೇ? ಇಲ್ಲ. ಚಂದ್ರನು ತನ್ನ ಸುತ್ತ ತಾನು ಒಮ್ಮೆ ತಿರುಗಲು ತೆಗೆದುಕೊಳ್ಳುವ ಕಾಲ ಸುಮಾರು 27.3 ದಿನ, ಭೂಮಿಯನ್ನು ಒಮ್ಮೆ ಸುತ್ತಲು ಬೇಕಾಗುವ ಕಾಲವೂ ಅಷ್ಟೇ. ಆದ್ದರಿಂದ ಅವನು ಯಾವಾಗಲೂ ನಮಗೆ ಒಂದೇ ಮುಖವನ್ನು ತೋರಿಸುತ್ತಾನೆ. ಅವನ ತುಸು ಓಲಾಟದಿಂದ ಅಂಚಿನಲ್ಲಿ ಇಣುಕುವ ಭಾಗವನ್ನು ಸೇರಿಸಿದರೂ ನೆಲದಿಂದ ಕಾಣುವುದು ಶೇಕಡಾ 59 ಮಾತ್ರ. ಉಳಿದ ಭಾಗ ಹೇಗಿದೆ ಎಂಬುದು 1959ರವರೆಗೆ ಯಾವ ಪಂಡಿತನಿಗೂ ತಿಳಿದಿರಲಿಲ್ಲ. ಇಂದು ಅದೇ ಚಂದ್ರನ ಮೇಲಿನ ಕೆಲವು ಪ್ರದೇಶಗಳಲ್ಲಿ ಸುಮಾರು ಒಂದು ಗೇಣಿನ ಸೂಕ್ಷ್ಮತೆಯಲ್ಲಿ ತೆಗೆದ ಚಿತ್ರಗಳು ನಮ್ಮ ಬಳಿ ಇವೆ. ಈ ಬದಲಾವಣೆ ಹೇಗಾಯಿತು, ಅದರಲ್ಲಿ ನಮ್ಮ ಕರ್ನಾಟಕದ ಪಾಲೆಷ್ಟು ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ. ಇದನ್ನು ಓದುವಾಗ ಒಂದು ಸಂಗತಿಯನ್ನು ವಿಶೇಷವಾಗಿ ಗಮನಿಸಬೇಕೆಂದು ಕೋರುತ್ತೇನೆ. ಇಲ್ಲಿ ಹಲವು ಯಂತ್ರಗಳು ಕೆಟ್ಟವು, ಹಲವು ಪ್ರಯತ್ನಗಳು ಅರ್ಧಕ್ಕೆ ನಿಂತವು. ಆದರೂ ಬರೆದಿಟ್ಟ ದಾಖಲೆ ಉಳಿದ ಕಡೆಯಲ್ಲೆಲ್ಲ ಕೆಲಸ ಮುಂದುವರಿಯಿತು.

ನಮ್ಮ ಸೀಮೆಯ ಎರಡು ಉದಾಹರಣೆ

ಆಕಾಶವನ್ನು ಅಳೆಯುವ ಆಸೆ ಕಲಬುರಗಿಗೆ ಹೊಸದಲ್ಲ. ಇಲ್ಲಿಂದ ರಾಜ್ಯವಾಳಿದ ಫಿರೋಜ್ ಷಾ ಬಹಮನಿಯ (1397–1422) ಗೋರಿಯನ್ನು ನೀವು ಹಫ್ತ್ ಗುಂಬಜ್‌ನಲ್ಲಿ ನೋಡಿರಬಹುದು. ಈ ಸುಲ್ತಾನನಿಗೆ ಗಣಿತ ಮತ್ತು ಖಗೋಳಶಾಸ್ತ್ರದಲ್ಲಿ ಬಹಳ ಆಸಕ್ತಿ. ದೌಲತಾಬಾದಿನ ಬಳಿಯ ಘಾಟಿನ ಮೇಲೆ ಒಂದು ವೀಕ್ಷಣಾಲಯ ಕಟ್ಟಲು ಅವನು ಸುಮಾರು 1407ರಲ್ಲಿ ಆಜ್ಞೆ ಮಾಡಿದನೆಂದೂ, ಆ ಕೆಲಸದ ಹೊಣೆ ಹೊತ್ತಿದ್ದ ಹಕೀಮ್ ಹಸನ್ ಗೀಲಾನಿ ತೀರಿಕೊಂಡದ್ದರಿಂದ ಅದು ಅಪೂರ್ಣವಾಗಿ ಉಳಿಯಿತೆಂದೂ ಬಿಜಾಪುರದ ಆಸ್ಥಾನದಲ್ಲಿದ್ದ ಇತಿಹಾಸಕಾರ ಫರಿಶ್ತಾ ಬರೆದಿದ್ದಾನೆ. ಒಬ್ಬ ವಿದ್ವಾಂಸನ ಸಾವಿನೊಂದಿಗೆ ಒಂದು ವೀಕ್ಷಣಾಲಯವೇ ಇಲ್ಲದಂತಾಯಿತು.

ಇದಾದ ಕೆಲವೇ ವರ್ಷಗಳಲ್ಲಿ ಸಮರ್ಕಂದದಲ್ಲಿ ಉಲೂಗ್ ಬೇಗ್ ಒಂದು ಭವ್ಯ ವೀಕ್ಷಣಾಲಯ ಕಟ್ಟಿಸಿದನು. 1449ರಲ್ಲಿ ಅವನ ಕೊಲೆಯಾಯಿತು, ಕಟ್ಟಡವೂ ಹಾಳಾಯಿತು. ಆದರೆ ಅಲ್ಲಿ ಸಿದ್ಧವಾಗಿದ್ದ, ಸಾವಿರಕ್ಕೂ ಹೆಚ್ಚು ನಕ್ಷತ್ರಗಳ ಪಟ್ಟಿ ಉಳಿದುಕೊಂಡಿತು. ಎರಡು ಶತಮಾನಗಳ ನಂತರ ಇಂಗ್ಲೆಂಡಿನಲ್ಲಿಯೂ ಅದು ಅಚ್ಚಾಯಿತು. ಇಂದು ಚಂದ್ರನ ಮೇಲಿನ ಒಂದು ಕುಳಿಗೆ ಉಲೂಗ್ ಬೇಗನ ಹೆಸರಿದೆ.

ಎರಡನೆಯ ಉದಾಹರಣೆ ಇನ್ನೂ ಹತ್ತಿರದ್ದು. 1948ರವರೆಗೆ ಕಲಬುರಗಿ ಹೈದರಾಬಾದ್ ಸಂಸ್ಥಾನದಲ್ಲಿತ್ತೆಂಬುದು ನಿಮಗೆಲ್ಲ ಗೊತ್ತು. ಆ ಸಂಸ್ಥಾನದ ನವಾಬ್ ಜಫರ್ ಜಂಗ್ ಅವರು 1901ರಲ್ಲಿ ಇಂಗ್ಲೆಂಡಿನಿಂದ ದೂರದರ್ಶಕ ತರಿಸಿ ನಿಜಾಮಿಯಾ ವೀಕ್ಷಣಾಲಯವನ್ನು ಆರಂಭಿಸಿದರು. ಅವರು ತೀರಿಕೊಂಡ ಮೇಲೆ 1908ರಲ್ಲಿ ನಿಜಾಮ್ ಸರ್ಕಾರ ಅದನ್ನು ವಹಿಸಿಕೊಂಡಿತು. ಇಡೀ ಆಕಾಶದ ಛಾಯಾಚಿತ್ರ ತೆಗೆದು ನಕ್ಷತ್ರಗಳ ಸ್ಥಾನ ಗುರುತಿಸುವ ಅಂತರರಾಷ್ಟ್ರೀಯ ಯೋಜನೆಯೊಂದು ಆಗ ನಡೆಯುತ್ತಿತ್ತು. ಅದರಲ್ಲಿ ಒಂದು ಪಟ್ಟಿಯ ಕೆಲಸ ಹೈದರಾಬಾದಿನ ಪಾಲಿಗೆ ಬಂತು. ಗಾಜಿನ ಫಲಕಗಳ ಮೇಲೆ ಮೂಡಿದ ಲಕ್ಷಾಂತರ ಚುಕ್ಕೆಗಳನ್ನು ಒಂದೊಂದಾಗಿ ಅಳೆದು ಸಂಪುಟಗಳಾಗಿ ಅಚ್ಚು ಹಾಕಿಸಲಾಯಿತು. ಸ್ಥಾಪಕರು ಹೋದರೂ ಕೆಲಸ ನಿಲ್ಲಲಿಲ್ಲ. ಏಕೆಂದರೆ ಅದನ್ನು ವಹಿಸಿಕೊಳ್ಳಲು ಒಂದು ಸಂಸ್ಥೆಯಿತ್ತು, ಬರೆದಿಡುವ ಶಿಸ್ತಿತ್ತು.

ಚಂದ್ರನಿಗೆ ಹೆಸರಿಟ್ಟವರು

ಚಂದ್ರನ ನಕ್ಷೆಯ ಇತಿಹಾಸ 17ನೆಯ ಶತಮಾನದಲ್ಲಿ, ದೂರದರ್ಶಕದ ಜೊತೆಯಲ್ಲಿ ಆರಂಭವಾಯಿತು. 1647ರಲ್ಲಿ ಹೆವೆಲಿಯಸ್ ಚಂದ್ರನ ಬಗ್ಗೆ ಒಂದು ದೊಡ್ಡ ಚಿತ್ರಪುಸ್ತಕ ಪ್ರಕಟಿಸಿದನು. 1651ರಲ್ಲಿ ಇಟಲಿಯ ರಿಚ್ಚೊಲಿ ಎಂಬ ಪಾದ್ರಿ ತನ್ನ ಗ್ರಂಥದಲ್ಲಿ ಅಚ್ಚು ಹಾಕಿಸಿದ ನಕ್ಷೆಯಲ್ಲಿ ಕುಳಿಗಳಿಗೆ ವಿದ್ವಾಂಸರ ಹೆಸರು ಕೊಡುವ ಪದ್ಧತಿ ತಂದನು. ಆ ಕ್ರೈಸ್ತ ಪಾದ್ರಿ ಹೆಸರಿಡುವಾಗ ಧರ್ಮ ನೋಡಲಿಲ್ಲ. ಅಲ್-ಬತ್ತಾನಿ, ಅಲ್-ಫರ್ಗಾನಿ, ಅಲ್-ಜರ್ಕಾಲಿ ಮೊದಲಾದವರ ಹೆಸರುಗಳು ಲ್ಯಾಟಿನ್ ರೂಪ ತಾಳಿ ಇಂದಿಗೂ ಚಂದ್ರನ ಮೇಲಿವೆ. ಅಲ್-ಬತ್ತಾನಿಯ ಹೆಸರಿನ ಕುಳಿ ಸುಮಾರು 130 ಕಿ.ಮೀ. ಅಗಲವಾಗಿದೆ.

ಅಲ್-ಬಿರೂನಿಯ ಹೆಸರು ಮಾತ್ರ ನಮಗೆ ಕಾಣದ ಹಿಂಬದಿಯಲ್ಲಿದೆ. ಭಾರತದ ಬಗ್ಗೆ ಅಮೂಲ್ಯ ಗ್ರಂಥ ಬರೆದ ಈ ಮಹಾನುಭಾವ ಚಂದ್ರನನ್ನೇ ಬಳಸಿ ಭೂಮಿಯನ್ನು ಅಳೆದವನು. 997ರಲ್ಲಿ ಸಂಭವಿಸಿದ ಚಂದ್ರಗ್ರಹಣವನ್ನು ಅವನು ಖ್ವಾರಜ್ಮ್‌ನ ಕಾಥ್ ನಗರದಿಂದಲೂ, ಅಬುಲ್ ವಫಾ ಬಾಗ್ದಾದಿನಿಂದಲೂ ವೀಕ್ಷಿಸಿದರು. ಎರಡೂ ಕಡೆ ಬರೆದಿಟ್ಟ ಸಮಯವನ್ನು ಹೋಲಿಸಿ ಆ ಎರಡು ಊರುಗಳ ರೇಖಾಂಶದ ಅಂತರವನ್ನು ಕಂಡುಹಿಡಿದರು. ಅಬುಲ್ ವಫಾನ ಕುಳಿಯೂ ಚಂದ್ರನ ಹಿಂಬದಿಯಲ್ಲಿಯೇ ಇದೆ. ಇವರಿಬ್ಬರ ಹೆಸರು ಅಲ್ಲಿಗೆ ಸೇರಿದ್ದು 1970ರಲ್ಲಿ. ಅದಕ್ಕೆ ಮೊದಲು ಸೇರಿಸುವುದು ಸುಲಭವಿರಲಿಲ್ಲ. ಹಿಂಬದಿಯಲ್ಲಿ ಕುಳಿಗಳಿವೆಯೆಂದು ತಿಳಿದದ್ದೇ ಬಾಹ್ಯಾಕಾಶ ನೌಕೆಗಳಿಂದ.

ನೌಕೆಯೊಳಗೇ ಸ್ಟುಡಿಯೋ

1959ರ ಅಕ್ಟೋಬರ್ 7ರಂದು ಸೋವಿಯತ್ ಒಕ್ಕೂಟದ ಲೂನಾ-3 ನೌಕೆ ಚಂದ್ರನ ಹಿಂದೆ ಹಾದುಹೋಗುವಾಗ 29 ಚಿತ್ರಗಳನ್ನು ತೆಗೆಯಿತು. ಆಗ ಡಿಜಿಟಲ್ ಕ್ಯಾಮೆರಾ ಇರಲಿಲ್ಲ. ಫೋಟೋ ಸ್ಟುಡಿಯೋದ ಕತ್ತಲೆ ಕೋಣೆಯಲ್ಲಿ ಫಿಲ್ಮ್ ತೊಳೆಯುತ್ತಿದ್ದುದನ್ನು ನಮ್ಮ ಹಿರಿಯ ಓದುಗರು ನೋಡಿರಬಹುದು. ಆ ಕೆಲಸವೆಲ್ಲ ನೌಕೆಯೊಳಗೆ ತಾನಾಗಿಯೇ ನಡೆಯಬೇಕಿತ್ತು. ತೊಳೆದ ಫಿಲ್ಮನ್ನು ಬೆಳಕಿನ ಸಹಾಯದಿಂದ ಗೆರೆಗೆರೆಯಾಗಿ ಓದಿ ರೇಡಿಯೋ ಮೂಲಕ ಭೂಮಿಗೆ ಕಳುಹಿಸಲಾಯಿತು. ಮಸುಕಾಗಿದ್ದ ಆ ಚಿತ್ರಗಳಲ್ಲಿ ಹಿಂಬದಿಯ ಸುಮಾರು ಶೇಕಡಾ 70 ಭಾಗ ಮೊದಲ ಸಲ ಕಂಡಿತು. ಮುಂಬದಿಯಲ್ಲಿ ಹೇರಳವಾಗಿರುವ ಕಪ್ಪು ಬಯಲುಗಳು ಅಲ್ಲಿ ತೀರ ಕಡಿಮೆ ಇರುವುದು ತಿಳಿಯಿತು.

ಈ ಕಪ್ಪು ಬಯಲುಗಳನ್ನು ಹಳಬರು ಸಮುದ್ರಗಳೆಂದು ಕರೆದರು. ನಿಜದಲ್ಲಿ ಅವು ಬಹು ಹಿಂದೆ ಲಾವಾರಸ ಹರಿದು ಹೆಪ್ಪುಗಟ್ಟಿದ ಬಸಾಲ್ಟ್ ಶಿಲೆಯ ಹಾಸುಗಳು. ನಮ್ಮ ಜಿಲ್ಲೆಯ ಎರೆಹೊಲಗಳ ಕಪ್ಪು ಮಣ್ಣು ಹುಟ್ಟಿದ್ದೂ ದಖ್ಖನ್ನಿನ ಇಂಥದೇ ಬಸಾಲ್ಟ್ ಕಲ್ಲಿನಿಂದ. ಇಲ್ಲಿ ಮಳೆ, ಗಾಳಿ, ಜೀವಿಗಳು ಸೇರಿ ಕಲ್ಲನ್ನು ಮಣ್ಣು ಮಾಡಿದವು; ಮಳೆಯಿಲ್ಲದ ಚಂದ್ರನಲ್ಲಿ ಉಲ್ಕೆಗಳ ಹೊಡೆತಕ್ಕೆ ಅದು ಬರೀ ಪುಡಿಯಾಯಿತು.

1966 ಮತ್ತು 1967ರಲ್ಲಿ ಅಮೆರಿಕದ ನಾಸಾ ಲೂನಾರ್ ಆರ್ಬಿಟರ್ ಎಂಬ ಐದು ನೌಕೆಗಳನ್ನು ಕಳುಹಿಸಿತು. ಇವು ಹಾದುಹೋಗುವ ನೌಕೆಗಳಲ್ಲ, ಚಂದ್ರನ ಕಕ್ಷೆಯಲ್ಲಿ ಸುತ್ತುತ್ತ ಚಿತ್ರ ತೆಗೆಯುವಂಥವು. ಮೊದಲ ಮೂರು ನೌಕೆಗಳು ಮುಖ್ಯವಾಗಿ ಮನುಷ್ಯ ಇಳಿಯಬಹುದಾದ ಜಾಗಗಳನ್ನು ಹುಡುಕಿದವು. ಉಳಿದೆರಡು ಧ್ರುವಗಳ ಮೇಲಿನಿಂದ ಸುತ್ತಿದವು. ಐದೂ ಸೇರಿ ಚಂದ್ರನ ಶೇಕಡಾ 99 ಭಾಗದ ಚಿತ್ರ ತೆಗೆದವು. ಕೊನೆಗೆ ಎಲ್ಲ ನೌಕೆಗಳೂ ಚಂದ್ರನ ಮೇಲೆಯೇ ಬಿದ್ದು ಒಡೆದುಹೋದವು.

ನೌಕೆ ಹೋದರೂ ಟೇಪುಗಳು ಇದ್ದವು. ಚಿತ್ರಗಳ ಮೂಲ ಸಂಕೇತಗಳನ್ನು ತುಂಬಿದ್ದ ಆ ಟೇಪುಗಳನ್ನು ಎಸೆಯದಂತೆ ಕಾಪಾಡಿದವರು ನಾಸಾದ ದಾಖಲೆಗಳ ಉಸ್ತುವಾರಿ ನೋಡುತ್ತಿದ್ದ ನ್ಯಾನ್ಸಿ ಇವಾನ್ಸ್ ಎಂಬ ಮಹಿಳೆ. ಅವನ್ನು ಓದಬಲ್ಲ, ಬಳಕೆ ತಪ್ಪಿದ ಭಾರಿ ಯಂತ್ರಗಳನ್ನು ಅವರು ತಮ್ಮ ಮನೆಯ ಗ್ಯಾರೇಜಿನಲ್ಲಿ ವರ್ಷಗಟ್ಟಲೆ ಇಟ್ಟುಕೊಂಡಿದ್ದರು. 2008ರಲ್ಲಿ ಒಂದು ಚಿಕ್ಕ ತಂಡ ಆ ಯಂತ್ರವನ್ನು ರಿಪೇರಿ ಮಾಡಿ ಟೇಪುಗಳನ್ನು ಮತ್ತೆ ಓದಿತು. 1966ರಲ್ಲಿ ಕಂಡದ್ದಕ್ಕಿಂತ ಎಷ್ಟೋ ಸ್ಪಷ್ಟವಾದ ಚಿತ್ರಗಳು ಹೊರಬಂದವು.

ಗಗನಯಾತ್ರಿಗಳಿಗೆ ಪಾಠ ಹೇಳಿದ ಈಜಿಪ್ಟಿನವರು

ಲೂನಾರ್ ಆರ್ಬಿಟರ್ ಚಿತ್ರಗಳ ರಾಶಿಯ ಮುಂದೆ ಕುಳಿತವರಲ್ಲಿ ಒಬ್ಬರು ಫಾರೂಕ್ ಅಲ್-ಬಾಜ್. 1938ರಲ್ಲಿ ಈಜಿಪ್ಟಿನ ಜಗಾಜಿಗ್‌ನಲ್ಲಿ ಹುಟ್ಟಿದ ಇವರು ಭೂವಿಜ್ಞಾನ ಓದಿ ಅಮೆರಿಕಕ್ಕೆ ಹೋದವರು. 1967ರಲ್ಲಿ ಅಪೋಲೋ ಯೋಜನೆಗೆ ನೆರವಾಗುತ್ತಿದ್ದ ಸಂಸ್ಥೆಯೊಂದನ್ನು ಸೇರಿ, ಚಂದ್ರನ ಚಿತ್ರಗಳನ್ನು ಒಂದೊಂದಾಗಿ ಪರಿಶೀಲಿಸಿ ವರ್ಗೀಕರಿಸಿದರು. ಎಲ್ಲಿ ಇಳಿಯಬೇಕು ಎಂಬುದನ್ನು ನಿರ್ಧರಿಸುವ ಸಮಿತಿಯ ಕಾರ್ಯದರ್ಶಿಯಾದರು. ಕಕ್ಷೆಯಿಂದ ಯಾವುದನ್ನು ಗಮನಿಸಬೇಕು, ಹೇಗೆ ಚಿತ್ರ ತೆಗೆಯಬೇಕು ಎಂದು ಗಗನಯಾತ್ರಿಗಳಿಗೆ ಪಾಠ ಹೇಳಿದರು.

ಅವರ ಶಿಷ್ಯರಲ್ಲೊಬ್ಬರಾದ ಆಲ್‌ಫ್ರೆಡ್ ವರ್ಡನ್ 1971ರಲ್ಲಿ ಅಪೋಲೋ-15ರ ನೌಕೆಯಲ್ಲಿ ಒಬ್ಬರೇ ಚಂದ್ರನನ್ನು ಸುತ್ತಿದರು. ಆ ನೌಕೆಯಲ್ಲಿ ನಕ್ಷೆ ತಯಾರಿಕೆಗೆಂದೇ ದೊಡ್ಡ ಕ್ಯಾಮೆರಾಗಳನ್ನು ಅಳವಡಿಸಲಾಗಿತ್ತು. ಹಿಂದಿರುಗುವ ದಾರಿಯಲ್ಲಿ ವರ್ಡನ್ ನೌಕೆಯಿಂದ ಹೊರಬಂದು, ಶೂನ್ಯದಲ್ಲಿ ತೇಲುತ್ತ ಆ ಫಿಲ್ಮ್ ಸುರುಳಿಗಳನ್ನು ಒಳಗೆ ತಂದರು. ಅಲ್-ಬಾಜ್ ಅವರು ಮುಂದೆ ಅದೇ ವಿದ್ಯೆಯನ್ನು ಭೂಮಿಯ ಕಡೆಗೆ ತಿರುಗಿಸಿ, ಉಪಗ್ರಹ ಚಿತ್ರಗಳ ನೆರವಿನಿಂದ ಮರುಭೂಮಿಗಳಲ್ಲಿ ಅಂತರ್ಜಲ ಹುಡುಕುವ ಕೆಲಸ ಮಾಡಿದರು. ನೀರಿನ ಕೊರತೆಯನ್ನು ಬಲ್ಲ ನಮ್ಮ ಭಾಗದ ಜನರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ.

ಬೆಂಗಳೂರಿನಿಂದ ಹೊರಟ ಚಂದ್ರಯಾನ

ಈಗ ನಮ್ಮ ರಾಜ್ಯಕ್ಕೆ ಬರೋಣ. ಉಡುಪಿ ಬಳಿಯ ಅದಮಾರಿನ ಯು. ಆರ್. ರಾವ್ ಅವರ ನೇತೃತ್ವದಲ್ಲಿ 1970ರ ದಶಕದಲ್ಲಿ ಬೆಂಗಳೂರಿನ ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ ಆರ್ಯಭಟ ಉಪಗ್ರಹ ಸಿದ್ಧವಾಯಿತು. ಅಲ್ಲಿಂದ ಬೆಳೆದ ಇಸ್ರೋ ಉಪಗ್ರಹ ಕೇಂದ್ರಕ್ಕೆ 2018ರಲ್ಲಿ ಅವರ ಹೆಸರನ್ನೇ ಇಡಲಾಯಿತು. 2003ರ ಆಗಸ್ಟ್ 15ರಂದು ಪ್ರಧಾನಿ ವಾಜಪೇಯಿ ಅವರು ಚಂದ್ರಯಾನವನ್ನು ಘೋಷಿಸಿದಾಗ ನೌಕೆ ಕಟ್ಟುವ ಹೊಣೆ ಈ ಕೇಂದ್ರಕ್ಕೆ ಬಂತು. ಯೋಜನಾ ನಿರ್ದೇಶಕರು ಮೈಲಸ್ವಾಮಿ ಅಣ್ಣಾದೊರೈ. ಚಂದ್ರನಿಂದ ಬರುವ ಕ್ಷೀಣ ಸಂಕೇತಗಳನ್ನು ಹಿಡಿಯಲು ಬೆಂಗಳೂರಿನಿಂದ ಸುಮಾರು 40 ಕಿ.ಮೀ. ದೂರದ ಬ್ಯಾಲಾಳು ಗ್ರಾಮದ ಬಳಿ 18 ಮೀಟರ್ ಮತ್ತು 32 ಮೀಟರ್ ಅಗಲದ ಎರಡು ಆಂಟೆನಾಗಳನ್ನು ನಿಲ್ಲಿಸಲಾಯಿತು.

2008ರ ಅಕ್ಟೋಬರ್ 22ರಂದು ಶ್ರೀಹರಿಕೋಟಾದಿಂದ ಹೊರಟ ಚಂದ್ರಯಾನ-1 ನವೆಂಬರ್ 8ರಂದು ಚಂದ್ರನ ಕಕ್ಷೆ ಸೇರಿತು. ಮುಂದೆ 100 ಕಿ.ಮೀ. ಎತ್ತರದಲ್ಲಿ ಸುತ್ತತೊಡಗಿತು. ಮಾಜಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರ ಸಲಹೆಯಂತೆ ಜೊತೆಗೊಯ್ದಿದ್ದ, ತ್ರಿವರ್ಣ ಧ್ವಜದ ಚಿತ್ರವಿದ್ದ ಚಿಕ್ಕ ಪೆಟ್ಟಿಗೆಯೊಂದು ನವೆಂಬರ್ 14ರಂದು ದಕ್ಷಿಣ ಧ್ರುವದ ಬಳಿ ಬಿತ್ತು. ಬೀಳುತ್ತಲೇ ಅದು ಚಿತ್ರಗಳನ್ನೂ ಕಳುಹಿಸಿತು.

ನೌಕೆಯ ನಕ್ಷೆ ಕ್ಯಾಮೆರಾ ಅಹಮದಾಬಾದಿನಲ್ಲಿ ತಯಾರಾದದ್ದು. ಅದು ನಮ್ಮ ಮೊಬೈಲಿನಂತೆ ಒಮ್ಮೆಗೇ ಇಡೀ ಚಿತ್ರ ಹಿಡಿಯುವುದಿಲ್ಲ. ಕಸಬರಿಗೆಯಿಂದ ಅಂಗಳ ಗುಡಿಸಿದಂತೆ, ನೌಕೆ ಮುಂದೆ ಸಾಗಿದ ಹಾಗೆ 20 ಕಿ.ಮೀ. ಅಗಲದ ಪಟ್ಟಿಯನ್ನು ಗೆರೆಗೆರೆಯಾಗಿ ಬಾಚಿಕೊಳ್ಳುತ್ತದೆ. ಒಂದೇ ಜಾಗವನ್ನು ಮುಂದಕ್ಕೆ ವಾಲಿಸಿ, ನೇರ ಕೆಳಕ್ಕೆ, ಹಿಂದಕ್ಕೆ ವಾಲಿಸಿ ಹೀಗೆ ಮೂರು ಕೋನಗಳಿಂದ ನೋಡುತ್ತದೆ. ಎರಡು ಕಣ್ಣಿರುವುದರಿಂದ ನಮಗೆ ದೂರ ಹತ್ತಿರ ತಿಳಿಯುವಂತೆ, ಈ ಮೂರು ನೋಟಗಳಿಂದ ಗುಡ್ಡದ ಎತ್ತರ, ಕುಳಿಯ ಆಳವನ್ನು ಲೆಕ್ಕಹಾಕಬಹುದು. ಸುಮಾರು 5 ಮೀಟರ್ ಅಗಲದ ವಸ್ತು ಅದರ ಚಿತ್ರದಲ್ಲಿ ಒಂದು ಚುಕ್ಕೆಯಾಗಿ ಮೂಡುತ್ತದೆ. ಬೆಂಗಳೂರಿನಲ್ಲಿಯೇ ತಯಾರಾದ ಲೇಸರ್ ಉಪಕರಣವೊಂದು ಎತ್ತರವನ್ನು ಬೇರೆಯಾಗಿ ಅಳೆಯುತ್ತಿತ್ತು.

ಇದು ತಾಳ್ಮೆಯ ಕೆಲಸ. ನೌಕೆ ಸುಮಾರು ಎರಡು ಗಂಟೆಗೊಮ್ಮೆ ಧ್ರುವದಿಂದ ಧ್ರುವಕ್ಕೆ ಒಂದು ಸುತ್ತು ಹಾಕುತ್ತದೆ. ಅಷ್ಟರಲ್ಲಿ ಚಂದ್ರನ ನೆಲ ಕೆಳಗೆ ಸಮಭಾಜಕದ ಬಳಿ ಸುಮಾರು 33 ಕಿ.ಮೀ. ಸರಿದಿರುತ್ತದೆ. ಪಟ್ಟಿಯ ಅಗಲ 20 ಕಿ.ಮೀ. ಆದ್ದರಿಂದ ನಡುವೆ ಉಳಿದ ಜಾಗಕ್ಕೆ ಇನ್ನೊಂದು ತಿಂಗಳು ಕಾಯಬೇಕು. ಅಲ್ಲಿ ಆಗ ಬಿಸಿಲೂ ಸರಿಯಾಗಿರಬೇಕು.

ಎರಡು ವರ್ಷ ದುಡಿಯಬೇಕಿದ್ದ ನೌಕೆ ಲೆಕ್ಕಕ್ಕಿಂತ ಹೆಚ್ಚು ಬಿಸಿಯಾಗತೊಡಗಿತು. ದಿಕ್ಕು ತೋರಿಸುವ ನಕ್ಷತ್ರ ಸಂವೇದಕಗಳು ಕೆಟ್ಟವು. 2009ರ ಆಗಸ್ಟ್ 29ರಂದು, 312ನೆಯ ದಿನ, ಸಂಪರ್ಕ ಕಡಿದುಹೋಯಿತು. ಆದರೆ ಅಷ್ಟರಲ್ಲಿ ಅದು 70 ಸಾವಿರಕ್ಕೂ ಹೆಚ್ಚು ಚಿತ್ರಗಳನ್ನು ಕಳುಹಿಸಿಯಾಗಿತ್ತು. ಮುಂದಿನ ತಿಂಗಳೇ, ಆ ನೌಕೆಯಲ್ಲಿದ್ದ ನಾಸಾ ಉಪಕರಣದ ದಾಖಲೆಗಳಿಂದ ಚಂದ್ರನ ಮೇಲ್ಮೈಯಲ್ಲಿ ನೀರಿನ ಅಂಶವಿರುವ ಸುದ್ದಿ ಹೊರಬಿತ್ತು. ಅಹಮದಾಬಾದಿನ ವಿಜ್ಞಾನಿಗಳು ಅದೇ ಚಿತ್ರಗಳಲ್ಲಿ ಲಾವಾ ಹರಿದು ಉಂಟಾದ, ಸುಮಾರು 1.7 ಕಿ.ಮೀ. ಉದ್ದದ ಸುರಂಗವೊಂದನ್ನು ಗುರುತಿಸಿದರು. ಮಾತು ನಿಲ್ಲಿಸಿದ ಆ ನೌಕೆ ಇನ್ನೂ ಚಂದ್ರನನ್ನು ಸುತ್ತುತ್ತಲೇ ಇರುವುದನ್ನು ನಾಸಾ ವಿಜ್ಞಾನಿಗಳು ರೇಡಾರ್ ಮೂಲಕ ಕಂಡು 2017ರಲ್ಲಿ ತಿಳಿಸಿದರು.

2019ರ ನೋವು, 2023ರ ನಲಿವು

2019ರ ಸೆಪ್ಟೆಂಬರ್ 7ರ ನಸುಕು ನಿಮಗೆ ನೆನಪಿರಬಹುದು. ಚಂದ್ರಯಾನ-2ರ ವಿಕ್ರಮ್ ಇಳಿಯುವ ಕೊನೆಯ ಕ್ಷಣಗಳಲ್ಲಿ ಸಂಪರ್ಕ ಕಳೆದುಕೊಂಡಿತು. ದೇಶವೆಲ್ಲ ಟಿವಿಯ ಮುಂದೆ ಮೌನವಾಯಿತು. ಆದರೆ ಮೇಲೆ ಸುತ್ತುತ್ತಿದ್ದ ಕಕ್ಷಾ ನೌಕೆಗೆ ಏನೂ ಆಗಿರಲಿಲ್ಲ. ಅದರಲ್ಲಿದ್ದ ಒಂದು ಕ್ಯಾಮೆರಾ 100 ಕಿ.ಮೀ. ಎತ್ತರದಿಂದ ಸುಮಾರು 25 ಸೆಂಟಿಮೀಟರ್ ಸೂಕ್ಷ್ಮತೆಯಲ್ಲಿ, ಅಂದರೆ ಒಂದು ಗೇಣಿನ ಲೆಕ್ಕದಲ್ಲಿ ಚಿತ್ರ ತೆಗೆಯಬಲ್ಲದು. 2009ರಿಂದ ಸುತ್ತುತ್ತಿರುವ ನಾಸಾದ ನೌಕೆಯ ಸೂಕ್ಷ್ಮತೆ ಸುಮಾರು ಒಂದು ಮೊಳ.

ಮೊದಲು, ಬಿದ್ದ ವಿಕ್ರಮ್‌ನ ಚೂರುಗಳು ಸಿಕ್ಕ ಬಗೆ ನೋಡಿ. ನಾಸಾ ತನ್ನ ನೌಕೆಯ ಚಿತ್ರಗಳನ್ನು ಎಲ್ಲರಿಗೂ ಮುಕ್ತವಾಗಿ ಇಟ್ಟಿತು. ಚೆನ್ನೈನ ಷಣ್ಮುಗ ಸುಬ್ರಮಣಿಯನ್ ಎಂಬ ಎಂಜಿನಿಯರ್ ಮನೆಯಲ್ಲಿ ಕುಳಿತು, ಘಟನೆಗೆ ಮುಂಚಿನ ಮತ್ತು ನಂತರದ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಿದರು. ಮೊದಲಿರದ ಒಂದು ಬಿಳಿ ಚುಕ್ಕೆಯನ್ನು ಗುರುತಿಸಿ ನಾಸಾಗೆ ಬರೆದರು. 2019ರ ಡಿಸೆಂಬರ್‌ನಲ್ಲಿ ನಾಸಾ ಅದನ್ನು ದೃಢಪಡಿಸಿ ಅವರ ಹೆಸರನ್ನೂ ಪ್ರಕಟಿಸಿತು. ಅವರು ಯಾವ ಬಾಹ್ಯಾಕಾಶ ಸಂಸ್ಥೆಯ ನೌಕರರೂ ಆಗಿರಲಿಲ್ಲ.

ನಂತರ, ಚಂದ್ರಯಾನ-3ರ ಸಿದ್ಧತೆ ನೋಡಿ. ಚಂದ್ರಯಾನ-2ಕ್ಕೆ ಗೊತ್ತುಪಡಿಸಿದ್ದ ಜಾಗ 500 ಮೀಟರ್ ಉದ್ದ, ಅಷ್ಟೇ ಅಗಲ. ಈ ಬಾರಿ ಅದನ್ನು 4 ಕಿ.ಮೀ. ಉದ್ದ, 2.4 ಕಿ.ಮೀ. ಅಗಲಕ್ಕೆ ಹಿಗ್ಗಿಸಲಾಯಿತು. ಅಷ್ಟು ವಿಶಾಲ ಪ್ರದೇಶದಲ್ಲಿ ಬಂಡೆ, ಕುಳಿ, ಇಳಿಜಾರು ಎಲ್ಲೆಲ್ಲಿವೆ ಎಂದು ಮುಂಚಿತವಾಗಿ ತಿಳಿಯಲು ನೆರವಾದದ್ದು ಚಂದ್ರಯಾನ-2ರ ಕ್ಯಾಮೆರಾ ತೆಗೆದ ಚಿತ್ರಗಳು. ಇಳಿಯುವಾಗ ಹೊಸ ನೌಕೆಯ ಕ್ಯಾಮೆರಾ ತನ್ನ ಕೆಳಗಿನ ನೆಲವನ್ನು ಮೊದಲೇ ತುಂಬಿಕೊಟ್ಟ ಚಿತ್ರಗಳೊಡನೆ ಹೋಲಿಸಿ ತಾನೆಲ್ಲಿದ್ದೇನೆಂದು ಅರಿತುಕೊಂಡಿತು. 2023ರ ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ, ದಕ್ಷಿಣ ಧ್ರುವದ ಸಮೀಪ, ಸುಮಾರು 69 ಡಿಗ್ರಿ ಅಕ್ಷಾಂಶದಲ್ಲಿ ವಿಕ್ರಮ್ ಇಳಿಯಿತು. ಕೆಲವೇ ಗಂಟೆಗಳಲ್ಲಿ ಹಳೆಯ ಚಂದ್ರಯಾನ-2 ಮೇಲಿನಿಂದ ಅದರ ಚಿತ್ರ ತೆಗೆಯಿತು.

2019ರಲ್ಲಿ ಎಲ್ಲವೂ ಮುಗಿಯಿತೆಂದು ನಾವು ತಿಳಿದಿದ್ದೆವು. ಆದರೆ ಮುಂದಿನ ಗೆಲುವಿಗೆ ಬೇಕಾದ ನಕ್ಷೆಯನ್ನು ಆ 'ಸೋತ' ನೌಕೆಯೇ ತಯಾರಿಸುತ್ತಿತ್ತು. ಪರೀಕ್ಷೆಯಲ್ಲಿ ಒಂದು ವಿಷಯ ಉಳಿಯಿತೆಂದು ಓದನ್ನೇ ಬಿಟ್ಟುಬಿಡುವ ನಮ್ಮ ಹುಡುಗ ಹುಡುಗಿಯರು, ಅವರನ್ನು ಕೆಲಸಕ್ಕೆ ಹಚ್ಚಲು ಅವಸರಪಡುವ ಪಾಲಕರು ಇದನ್ನು ಒಮ್ಮೆ ಯೋಚಿಸಬೇಕು. ಕಲಿತದ್ದರಲ್ಲಿ ಉಳಿದಿರುವುದು ಎಷ್ಟು, ಅದರಿಂದ ಮುಂದೆ ಏನು ಮಾಡಬಹುದು ಎಂದು ಮೊದಲು ಲೆಕ್ಕಹಾಕಬೇಕು.

ವಿದ್ಯಾರ್ಥಿಗಳಿಗೆ ಒಂದು ಮಾತು

ಚಂದ್ರಯಾನದ ದಾಖಲೆಗಳನ್ನು ಇಸ್ರೋ ಬ್ಯಾಲಾಳುವಿನ ದತ್ತಾಂಶ ಕೇಂದ್ರದಲ್ಲಿ ಇಟ್ಟಿದೆ. ಅಂತರ್ಜಾಲದಲ್ಲಿ ಹೆಸರು ನೋಂದಾಯಿಸಿಕೊಂಡರೆ ಹಣ ಕೊಡದೆ ಅವನ್ನು ಪಡೆಯಬಹುದು. ನಾಸಾದ ಚಿತ್ರಗಳೂ ಹಾಗೆಯೇ. ಲಕ್ಷಗಟ್ಟಲೆ ಚಿತ್ರಗಳಲ್ಲಿ ಮನುಷ್ಯನ ಕಣ್ಣು ಇನ್ನೂ ಸರಿಯಾಗಿ ನೋಡದವು ಎಷ್ಟೋ ಇವೆ. ಇದಕ್ಕೆ ದೊಡ್ಡ ಪ್ರಯೋಗಾಲಯ ಬೇಕಿಲ್ಲ. ಶಾಲೆಯ ಒಂದು ಕಂಪ್ಯೂಟರ್, ದಾರಿ ತೋರಿಸುವ ಒಬ್ಬ ಶಿಕ್ಷಕರು, ಹಿಡಿದ ಕೆಲಸ ಬಿಡದ ನಾಲ್ಕು ವಿದ್ಯಾರ್ಥಿಗಳಿದ್ದರೆ ಸಾಕು.

ಮೊದಲ ಪಾಠವಾಗಿ ಹೀಗೆ ಮಾಡಿ. ಚಂದ್ರನ ಹಿಂಬದಿಯ ನಕ್ಷೆಯಲ್ಲಿ ಅಲ್-ಬಿರೂನಿ ಕುಳಿಯನ್ನು ಹುಡುಕಿ. ಅದರೊಳಗೆ ಎಷ್ಟು ಚಿಕ್ಕ ಕುಳಿಗಳಿವೆ ಎಣಿಸಿ. ನೆರಳು ಯಾವ ಕಡೆ ಬಿದ್ದಿದೆ, ಬಿಸಿಲು ಎತ್ತಲಿಂದ ಬಂದಿದೆ ಎಂದು ಗುರುತಿಸಿ. ಕಂಡದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ, ದಿನಾಂಕ ಮತ್ತು ಚಿತ್ರದ ಸಂಖ್ಯೆಯೊಡನೆ, ಕನ್ನಡದಲ್ಲಿಯೇ ಬರೆದಿಡಿ. ಮುಂದಿನ ವರ್ಷ ನೀವು ಬೇರೆ ತರಗತಿಗೆ ಹೋಗುವಾಗ ಆ ನೋಟ್‌ಬುಕ್ಕನ್ನು ರದ್ದಿಗೆ ಹಾಕದೆ ನಿಮ್ಮ ಕಿರಿಯರ ಕೈಗೆ ಕೊಡಿ. ಅವರು ಎಣಿಕೆಯನ್ನು ಮೊದಲಿನಿಂದ ಆರಂಭಿಸಬೇಕಾಗುವುದಿಲ್ಲ.